ಇರುವೆಯಾದ ಅಕ್ಷರಗಳು

ಬುಧವಾರ ಬೆಳಿಗ್ಗೆ ಕನ್ನಡಕದಂಗಡಿಗೆ ಬಂದ ತಿರುಪು, ಕೂರಲು ಹೇಳಿದರೂ ಕೂರಲಿಲ್ಲ. ಕೆಳಮಹಡಿಯ ಗೇಮಿಂಗ್ ಸೆಂಟರಿನಲ್ಲಿ ಆರು ವರ್ಷದಿಂದ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುತ್ತಿದ್ದ ಹೆಂಗಸು ಅವಳು. ಕಿವಿಯ ಹಿಂದೆ ಸದಾ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಅವತ್ತು ಕಿವಿಯ ಹಿಂದೆ ಏನೂ ಇರಲಿಲ್ಲ.

"ಶುಕ್ರವಾರದೊಳಗೆ ಕಾರ್ಡ್ ತಂದಿಡ್ಬೇಕಂತೆ ದೊಡ್ಡಮ್ಮ. ಇಲ್ದಿದ್ರೆ ಬರೋದೇ ಬೇಡ ಅಂದ್ರು ಯಜಮಾನ್ರು. ಆಡೋರೆಲ್ಲ ಕೂತಿದ್ರು, ಅವರ ಮುಂದೇನೇ. ಕಳ್ಳಿ ಅನ್ನಿಸ್ಕೊಂಡ ಮೇಲೆ ಈ ಊರಲ್ಲಿ ಯಾರು ನನ್ನ ಕೈಗೆ ಮಿಷನ್ ಕೊಡ್ತಾರೆ?"

ಇಡೀ ಕಟ್ಟಡಕ್ಕೇ ದೊಡ್ಡಮ್ಮನಾಗಿದ್ದ ಕನ್ನಡಕದಂಗಡಿಯಾಕೆ ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟಳು. ಒಳಗೆ ಮಸೂರ ಉಜ್ಜುತ್ತಿದ್ದ ಅವಳ ತಂಗಿಯ ಮಗ ಯಂತ್ರ ನಿಲ್ಲಿಸಿದ. ಲಿಫ್ಟಿನ ಕನ್ನಡಿ ಒಡೆದವರು ಯಾರು, ಅಂಚೆಪೆಟ್ಟಿಗೆಯ ಕಾಗದಗಳು ಎಲ್ಲಿಗೆ ಹೋಗುತ್ತಿದ್ದವು ಎಂಬುದನ್ನೆಲ್ಲ ಅವಳು ಹೀಗೆ ಕೂತಲ್ಲೇ ಪತ್ತೆ ಹಚ್ಚಿದ್ದನ್ನು ಅವನು ನೋಡಿದ್ದ. ಅವಳು ಫ್ರೇಮ್ ಕೆಳಗಿಟ್ಟಳೆಂದರೆ ಕೇಸು ಹಿಡಿದಳೆಂದೇ ಲೆಕ್ಕ.

ತಿರುಪು ಹೇಳಿದ್ದಿಷ್ಟು. ಸೆಂಟರಿನ ಮೂರನೇ ನಂಬರ್ ಕಂಪ್ಯೂಟರಿಗೆ ಯಜಮಾನ ಹೋದ ತಿಂಗಳು, ತೆರೆಯ ಮೇಲೆ ಚಿತ್ರ ಮೂಡಿಸುವ ಬಹಳ ದುಬಾರಿಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದ. ಶನಿವಾರ ಮುಚ್ಚುವವರೆಗೂ ಅದರ ಮುಂದೆ ಕೂತಿದ್ದವನು ಪಕ್ಕದ ಬೀದಿಯ ದಂತವೈದ್ಯ. ಆಗ ಆಟ ನೀರಿನಂತೆ ಓಡುತ್ತಿತ್ತು. ಭಾನುವಾರ ರಜೆ. ಸೋಮವಾರ ಬಾಗಿಲು ತೆರೆಯುವ ಹೊತ್ತಿಗೇ ಬಂದು ಕೂತ ಅದೇ ದಂತವೈದ್ಯ, ಶತ್ರುಗಳೆಲ್ಲ ಇಟ್ಟಿಗೆ ಜೋಡಿಸಿದ ಹಾಗೆ ಕಾಣ್ತಾರೆ ಎಂದು ಕೂಗಿದ. ತೆರೆದು ನೋಡಿದರೆ ಹೊಸ ಕಾರ್ಡಿನ ಜಾಗದಲ್ಲಿ ಅದೇ ಕಂಪನಿಯ ಹಳೆಯದು, ನೋಡಲು ಥೇಟ್ ಹಾಗೇ ಮೂರು ಫ್ಯಾನಿನದು, ಕೂತಿತ್ತು. ಮೂರು ವರ್ಷದ ಹಿಂದೆ ಸೆಂಟರಿನಿಂದ ತೆಗೆದು ಬೇಕಾದವರಿಗೆ ಹಂಚಿದ ಕಾರ್ಡುಗಳಲ್ಲಿ ಅದೂ ಒಂದು.

"ಯಾರ್ಯಾರು ತಗೊಂಡಿದ್ರಿ?" ಎಂದು ದೊಡ್ಡಮ್ಮ ಕೇಳಿದಳು.

ಮೂವರು. ತಿರುಪು ತನ್ನದನ್ನು ಚಿಕ್ಕಪ್ಪನ ಮಗನಿಗೆ ಕೊಟ್ಟಿದ್ದಳು, ಅವನು ಅದನ್ನು ಯಾರಿಗೆ ದಾಟಿಸಿದನೋ ಗೊತ್ತಿಲ್ಲ. ದಂತವೈದ್ಯನದು ಅವನ ಮನೆಯಲ್ಲಿದೆ. ಕೌಂಟರಿನಲ್ಲಿ ಕೂರುವ ಯಜಮಾನನ ಭಾವಮೈದ, ತನ್ನದು ಇವತ್ತಿಗೂ ತನ್ನ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತಿದೆ ಎಂದಿದ್ದ. ಬೀಗದ ಕೈ ಇದ್ದದ್ದೂ ಮೂವರ ಹತ್ತಿರ: ಯಜಮಾನ, ಭಾವಮೈದ, ತಿರುಪು. ಹೆಂಡತಿಯ ತಮ್ಮನನ್ನು ಅನುಮಾನಿಸುವ ಧೈರ್ಯ ಯಜಮಾನನಿಗೆ ಎಲ್ಲಿಂದ ಬರಬೇಕು? ಬೆರಳು ತಿರುಪಿನ ಕಡೆ ತಿರುಗಿತ್ತು.

"ಕಾರ್ಡ್ ಬದಲಾದ್ರೆ ಚಿತ್ರ ಯಾಕೆ ಇಟ್ಟಿಗೆ ಆಗುತ್ತೆ?"

ಕೆಲಸದ ಮಾತು ಬಂದದ್ದೇ ತಿರುಪು ತುಸು ಸುಧಾರಿಸಿಕೊಂಡಳು. "ಸ್ಕ್ರೀನ್ ಒಂದು ಗೋಡೆ ಅನ್ಕೊಳ್ಳಿ, ಕಾರ್ಡ್ ಟೈಲ್ಸ್ ಹಾಕೋ ಗಾರೆಯವನು. ಹಳಬ ದೊಡ್ಡ ಟೈಲ್ಸ್ ಹಾಕ್ತಾನೆ, ಅಡ್ಡಕ್ಕೆ 1920. ಅದಕ್ಕಿಂತ ಸಣ್ಣದು ಅವನ ಕೈಲಿ ಆಗೋದೇ ಇಲ್ಲ. ಹೊಸಬ ಅದೇ ಗೋಡೆಗೆ 3840 ಕೂರಿಸ್ತಾನೆ. ಉದ್ದಕ್ಕೂ ಎರಡರಷ್ಟು. ಒಟ್ಟು ನಾಲ್ಕು ಪಟ್ಟು ಟೈಲ್ಸ್. ಚಿತ್ರ ನಯವಾಗದೆ ಇನ್ನೇನಾಗುತ್ತೆ? ಇದಕ್ಕೇ ರೆಸಲ್ಯೂಷನ್ ಅನ್ನೋದು."

ಮಧ್ಯಾಹ್ನ ಭಾವಮೈದನೇ ತನ್ನ ತಾಯಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ, ಕಣ್ಣು ನೋಡಿ ಎಂದು ಬಿಟ್ಟುಹೋದ. ಮುದುಕಿ ಹಸನ್ಮುಖಿ. ಮಗ ಕಳೆದ ವರ್ಷ ತನ್ನ ಕಂಪ್ಯೂಟರಿಗೆ ತಂದ ದೊಡ್ಡ ಸ್ಕ್ರೀನಿನಲ್ಲಿ ಗಿಡಮರಗಳ ವಿಷಯ ಓದುವುದು ಆಕೆಯ ಕಾಲಕ್ಷೇಪ. ಭಾನುವಾರದಿಂದ ಅಕ್ಷರಗಳೆಲ್ಲ ಇರುವೆಗಳಾಗಿವೆ ಎಂದಳು. "ವಯಸ್ಸಾಯ್ತಮ್ಮ ನಿಂಗೆ ಅಂದ. ಆಯ್ತಲ್ಲ, ಇಲ್ಲ ಅನ್ನೋಕಾಗುತ್ತಾ?"

ದೊಡ್ಡಮ್ಮ ಹಳೆಯ ಕನ್ನಡಕದಲ್ಲೇ ಓದಿಸಿದಳು. ಗೋಡೆಯ ಪಟ್ಟಿಯ ಕೊನೆಯ ಸಾಲು, ಕೈಯಲ್ಲಿ ಹಿಡಿದ ಪತ್ರಿಕೆಯ ಸಣ್ಣಕ್ಷರ, ಎರಡನ್ನೂ ಆಕೆ ಪಟಪಟ ಓದಿದಳು. ನಂಬರು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

"ಅಕ್ಷರ ಬಿಟ್ರೆ ಬೇರೇನಾದ್ರೂ ತೊಂದರೆ ಇದ್ಯಾ?"

"ಏನೂ ಇಲ್ಲ. ಚಿತ್ರಗಳಂತೂ ಈಗಲೇ ಚೆಂದ. ಎಲೆಯ ನರ ಸಮೇತ ಕಾಣ್ತವೆ. ಮೊದಲು ಬರೀ ಹಸಿರು ಕಾಣ್ತಿತ್ತು."

ದೊಡ್ಡಮ್ಮ ಪತ್ರಿಕೆಯನ್ನು ನಿಧಾನವಾಗಿ ಮಡಿಸಿದಳು. ಏನೋ ಸಿಕ್ಕಿದೆ, ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿಲ್ಲ ಎಂದು ತಂಗಿಯ ಮಗನಿಗೆ ಅನ್ನಿಸಿತು. ಶನಿವಾರ ಬನ್ನಿ ಎಂದು ಮುದುಕಿಯನ್ನು ಕಳುಹಿಸಿ, ಅವಳು ತಿರುಪಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು: ಸ್ಕ್ರೀನಿನ ಮೇಲೆ ಅಕ್ಷರವನ್ನು ಗೇಣಿನ ಲೆಕ್ಕದಲ್ಲಿ ಬರೆಯುತ್ತಾರೋ, ಟೈಲ್ಸಿನ ಲೆಕ್ಕದಲ್ಲೋ? ಉತ್ತರ ಕೇಳಿ ಫೋನ್ ಇಟ್ಟಳು.

ಗುರುವಾರ ಮಧ್ಯಾಹ್ನ ದೊಡ್ಡಮ್ಮ ಕರೆಸಿದ ಯಜಮಾನ, ಭಾವಮೈದ, ದಂತವೈದ್ಯ, ತಿರುಪು ನಾಲ್ವರೂ ಕನ್ನಡಕದಂಗಡಿಯಲ್ಲಿ ಸೇರಿದರು. ದಂತವೈದ್ಯ ತನ್ನ ಹಳೆಯ ಕಾರ್ಡನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸಿನಂತೆ ಎದೆಗವಚಿಕೊಂಡು ಬಂದಿದ್ದ. ಯಜಮಾನ ಗಡಿಯಾರ ನೋಡುತ್ತಿದ್ದ. ತಿರುಪು ಬಾಗಿಲ ಬಳಿ ನಿಂತಿದ್ದಳು.

"ಡಾಕ್ಟರ ಕಾರ್ಡ್ ಇಲ್ಲಿದೆ, ಅವರ ಹತ್ರ ಬೀಗದ ಕೈಯೂ ಇಲ್ಲ," ಎಂದು ದೊಡ್ಡಮ್ಮ ಶುರುಮಾಡಿದಳು. "ಯಜಮಾನರು ಹಳೇ ಕಾರ್ಡ್ ಇಟ್ಕೊಂಡಿರ್ಲಿಲ್ಲ. ಮಿಕ್ಕವರು ಇಬ್ಬರು. ಇವಳ ಕಾರ್ಡ್ ಎಲ್ಲಿದೆಯೋ ಇವಳಿಗೇ ಗೊತ್ತಿಲ್ಲ, ಅದಕ್ಕೇ ಕಳ್ಳಿ ಆದ್ಲು. ನಿಮ್ಮದು ಮನೇಲೇ ಇದೆ ಅಂದ್ರಿ, ಅಲ್ವಾ?"

ಭಾವಮೈದ ಹೌದೆಂದು ತಲೆಯಾಡಿಸಿದ.

"ನಿನ್ನೆ ನನ್ನ ಹತ್ರ ಒಬ್ಬರು ಬಂದಿದ್ರು. ಭಾನುವಾರದಿಂದ ಮನೆಯ ಸ್ಕ್ರೀನಲ್ಲಿ ಅಕ್ಷರ ಇರುವೆಯಷ್ಟು ಚಿಕ್ಕದಾಗಿದೆ, ಚಿತ್ರ ಮಾತ್ರ ಮೊದಲಿಗಿಂತ ಚೆನ್ನಾಗಿದೆ ಅಂದ್ರು. ನಲವತ್ತು ವರ್ಷದಿಂದ ಕಣ್ಣು ನೋಡ್ತಿದೀನಿ. ಕೆಟ್ಟ ಕಣ್ಣಿಗೆ ಅಕ್ಷರ ಮಸುಕಾಗುತ್ತೆ, ಎಲೆಯೂ ಮಸುಕಾಗುತ್ತೆ. ಅಕ್ಷರ ಕುಗ್ಗಿ ಎಲೆಯ ನರ ಎದ್ದು ಕಾಣೋ ರೋಗ ಯಾವುದೂ ಇಲ್ಲ. ಬದಲಾಗಿದ್ದು ಗೋಡೆಯ ಟೈಲ್ಸ್." ಅವಳು ತಿರುಪಿನ ಕಡೆ ತಿರುಗಿದಳು. "ಫೋನಲ್ಲಿ ಹೇಳಿದ್ದನ್ನ ಇವರಿಗೂ ಹೇಳು."

"ಅಕ್ಷರ ಟೈಲ್ಸ್ ಲೆಕ್ಕದಲ್ಲೇ ಬರೋದು," ಎಂದಳು ತಿರುಪು. "ಹತ್ತು ಟೈಲ್ಸ್ ಎತ್ತರ ಅಂದ್ರೆ ಹತ್ತೇ. ಟೈಲ್ಸ್ ಚಿಕ್ಕದಾದ್ರೆ ಅದೂ ಚಿಕ್ಕದಾಗುತ್ತೆ. ದೊಡ್ಡದು ಮಾಡೋ ಸೆಟ್ಟಿಂಗ್ ಬೇರೆ ಇದೆ. ಬರೀ ಆಟ ಆಡೋರು ಅದನ್ನ ಮುಟ್ಟೋದಿಲ್ಲ, ಆಟದೊಳಗಿನ ಅಕ್ಷರ ತಾನಾಗೇ ಸರಿಹೋಗುತ್ತೆ."

"ಅದಕ್ಕೇ ನಿಮಗೆ ಏನೂ ಗೊತ್ತಾಗಲಿಲ್ಲ," ಎಂದು ದೊಡ್ಡಮ್ಮ ಭಾವಮೈದನಿಗೆ ಹೇಳಿದಳು. "ನಿಜಕ್ಕೂ ವಯಸ್ಸಿನದು ಅಂದ್ಕೊಂಡು ಸಾಕ್ಷಿಯನ್ನ ನೀವೇ ಮೆಟ್ಟಿಲು ಹತ್ತಿಸಿದ್ರಿ. ಹಳೇ ಕಾರ್ಡ್ ನಿಮ್ಮ ಮನೇಲೇ ಇದ್ರೆ ಆ ಎಲೆಗೆ ನರ ಮೂಡೋ ಹಾಗಿಲ್ಲ. ಈಗಲೇ ಹೋಗಿ ನೋಡೋಣ್ವಾ?"

ಯಾರೂ ಏಳಲಿಲ್ಲ. ಭಾವಮೈದ ತನ್ನ ಅಂಗೈ ನೋಡಿಕೊಳ್ಳುತ್ತಾ ಎಲ್ಲ ಹೇಳಿದ. ಆನ್‌ಲೈನಿನಲ್ಲಿ ಜೊತೆಗೆ ಆಡುವವರ ಮುಂದೆ ತಿಂಗಳುಗಟ್ಟಲೆ ತನ್ನದು ಫೋರ್‌ಕೆ, ಆ 3840 ಟೈಲ್ಸಿನದು, ಎಂದು ಕೊಚ್ಚಿಕೊಂಡಿದ್ದನಂತೆ. ಭಾನುವಾರ ಎಲ್ಲರಿಗೂ ಸ್ಕ್ರೀನ್ ತೋರಿಸುತ್ತಾ ಆಡುವ ಸರದಿ ಅವನದು. ಸೋಮವಾರ ಬೇಗ ಬಂದು ಕಾರ್ಡನ್ನು ಮರಳಿ ಹಾಕುವುದೆಂದಿದ್ದ, ಅಷ್ಟರಲ್ಲಿ ದಂತವೈದ್ಯ ಅದರ ಮುಂದೆ ಕೂತಾಗಿತ್ತು.

"ಯಜಮಾನರು ನನ್ನನ್ನ ಬೈಯೋವಾಗ ನೀನೆಲ್ಲಿದ್ದೆ?" ಎಂದು ತಿರುಪು ಕೇಳಿದಳು. ದನಿ ಏರಲಿಲ್ಲ.

"ಕೌಂಟರಲ್ಲೇ ಇದ್ದೆ."

ಯಜಮಾನ, ನಾಳೆಯಿಂದ ಎಂದಿನಂತೆ ಬಾರಮ್ಮ ಎಂದ. ತಿರುಪು ಕದಲಲಿಲ್ಲ. ಕಳ್ಳಿ ಎಂದದ್ದು ಎಲ್ಲರ ಮುಂದೆ, ಅಲ್ಲವೆಂಬುದನ್ನೂ ಅಲ್ಲೇ, ಎಲ್ಲರೂ ಕೂತಿರುವಾಗ ಹೇಳಬೇಕು ಎಂದಳು. ಯಜಮಾನ ಭಾವಮೈದನನ್ನು ನೋಡಿದ, ಆಮೇಲೆ ಒಪ್ಪಿಕೊಂಡ. ಹೊರಡುವಾಗ ಭಾವಮೈದ ಹಿಂದೆ ಉಳಿದು, ಅಮ್ಮನಿಗೆ ಮಾತ್ರ ಹೇಳಬೇಡಿ ಎಂದು ಬೇಡಿದ. ದೊಡ್ಡಮ್ಮ ಕೆಳಗಿಟ್ಟಿದ್ದ ಫ್ರೇಮನ್ನು ಮತ್ತೆ ಕೈಗೆತ್ತಿಕೊಂಡಳು.

ಶುಕ್ರವಾರ ತುಂಬಿದ ಸೆಂಟರಿನಲ್ಲಿ ಯಜಮಾನ ಎರಡು ವಾಕ್ಯ ಹೇಳಿದ. ಭಾವಮೈದ ಮೂರನೆಯದನ್ನು ತಾನೇ ಹೇಳಿದ. ಸ್ಕ್ರೂಡ್ರೈವರ್ ಕಿವಿಯ ಹಿಂದಕ್ಕೆ ಮರಳಿತು.

ಶನಿವಾರ ಮುದುಕಿ ಒಬ್ಬಳೇ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದಳು. ಅಕ್ಷರ ಮೊದಲಿನಂತೆ ದೊಡ್ಡದಾಗಿದೆ ಎಂದಳು. ಎಲೆಯ ನರ ಮಾತ್ರ ಹೋಯಿತು ಎಂದಳು.

"ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ, ಅಲ್ವಾ?"

"ಇಲ್ಲ," ಎಂದಳು ದೊಡ್ಡಮ್ಮ.

ಮುದುಕಿ ಗೋಡೆಯ ಪಟ್ಟಿಯನ್ನು ನೋಡುತ್ತಾ ಕೂತಳು. ಒಳಗೆ ತಂಗಿಯ ಮಗ ಯಂತ್ರ ನಿಲ್ಲಿಸಿದ.

"ಒಂದು ಹೊಸ ಕನ್ನಡಕ ಮಾಡ್ಕೊಡಿ. ನಂಬರು ಹಳೇದೇ ಇರ್ಲಿ, ಫ್ರೇಮ್ ಮಾತ್ರ ಬೇರೆ. ಕಣ್ಣಿನದೇ ತೊಂದರೆ ಆಗಿತ್ತು, ಈಗ ಸರಿಹೋಯ್ತು ಅಂತ ಮಗನಿಗೆ ಹೇಳ್ತೀನಿ. ನಂಗೇನೂ ಗೊತ್ತಾಗಿಲ್ಲ ಅಂದ್ಕೊಂಡಿರ್ಲಿ ಪಾಪ."

ದೊಡ್ಡಮ್ಮ ಫ್ರೇಮುಗಳ ತಟ್ಟೆಯನ್ನು ಆಕೆಯ ಮುಂದೆ ಸರಿಸಿದಳು. ಒಳಗೆ ತಂಗಿಯ ಮಗ, ಬೇಕಿಲ್ಲದ ಆ ಮಸೂರವನ್ನು ಎಂದಿಗಿಂತ ಜತನದಿಂದ ಉಜ್ಜತೊಡಗಿದ.