ಯಜಮಾನರ ಜುಟ್ಟು

ಹೇಳಿಬಿಡಲೇ? ಹೇಳಿದರೆ ಒಬ್ಬನ ಮಾನ ಹೋಗುತ್ತದೆ; ಸುಮ್ಮನಿದ್ದರೆ ಇನ್ನೊಬ್ಬನದು. ಇಸೋಬೆ ಖಾಲಿ ಪೆಟ್ಟಿಗೆಯನ್ನೇ ನೋಡುತ್ತ ನಿಂತ.

ರ್ಯೋಗೊಕುವಿನ ಸುಮೊ ಬೀದಿಗಳಲ್ಲಿ ಪ್ರವಾಸಿಗರನ್ನು ನಡೆಸಿಕೊಂಡು ಹೋಗುವುದು ಅವನ ಕೆಲಸ. ಈಗ ಅವರನ್ನು ಕರೆತಂದಿರುವ ಈ ಸುಮೊ ಕುಸ್ತಿಯ ಗರಡಿಯಲ್ಲೇ ಹಿಂದೆ ಪಳಗಿದವನು. ಈಗ ಗರಡಿ ಮುಚ್ಚಿದೆ. ತೀರಿಹೋದ ಯಜಮಾನರು ಕುಸ್ತಿಯಿಂದ ನಿವೃತ್ತರಾದ ದಿನ ಕತ್ತರಿಸಿಕೊಂಡ ಜುಟ್ಟನ್ನು ಅವರ ಹೆಂಡತಿ ಶಿಗೆನೊ ಬಂದವರಿಗೆ ತೋರಿಸುತ್ತಿದ್ದಳು. ಇವತ್ತು ಪೆಟ್ಟಿಗೆಯ ದಾರ ಬಿಚ್ಚಿ ಮುಚ್ಚಳ ತೆಗೆದರೆ — ಒಳಗೆ ಏನೂ ಇಲ್ಲ.

“ಬೆಳಿಗ್ಗೆ ಇತ್ತು!” ಶಿಗೆನೊ ಪ್ರವಾಸಿಗರಲ್ಲೊಬ್ಬನ ಕಡೆ ಬೆರಳು ತೋರಿಸಿದಳು. “ಎಲ್ಲರೂ ಅಂಗಳದಲ್ಲಿ ಚಹಾ ಕುಡಿಯೋವಾಗ ಇವರೊಬ್ರೇ ಒಳಗೆ ಬಂದಿದ್ರು.”

ಒಸಾಕದ ವ್ಯಾಪಾರಿ ಕಿತಾನಿ ಚೀಲವನ್ನು ಅವಚಿಕೊಂಡ. “ನನ್ನ ತಲೆ ನೋಡಿ ತಾಯಿ, ಬೋಳು! ಜುಟ್ಟು ತಗೊಂಡು ಎಲ್ಲಿಗೆ ಅಂಟಿಸ್ಕೊಳ್ಳಲಿ?”

ಶಿಗೆನೊ ಅವನ ಚೀಲಕ್ಕೆ ಕೈ ಚಾಚಿದಳು.

“ಚೀಲ ತೆಗೀತೀರೋ, ಪೊಲೀಸರನ್ನ ಕರೀಲೋ?”

ಇಸೋಬೆ ಬಾಯಿಬಿಟ್ಟ. “ಅಮ್ಮಾ, ನೀವು ಬಿಚ್ಚೋವಾಗ ದಾರಕ್ಕೆ ಗಂಟು ಇತ್ತಾ?”

“ಇತ್ತು. ಬಿಗಿಯಾಗೇ ಇತ್ತು.”

“ಕದ್ದು ಓಡೋನು ಖಾಲಿ ಪೆಟ್ಟಿಗೆಗೆ ಗಂಟು ಹಾಕ್ತಾನಾ? ವಾಪಸು ತಂದಿಡೋನು ಹಾಕ್ತಾನೆ.” ದಾರದ ತುದಿ ಎತ್ತಿ ಹಿಡಿದ. “ಹಲ್ಲಿನ ಗುರುತು ನೋಡಿ — ಇನ್ನೂ ಒದ್ದೆ. ಎರಡೂ ಕೈಲಿ ಕೂದಲು ಹಿಡಿದಿರೋವಾಗ ದಾರ ಕಚ್ಚಿ ಎಳೆದು ಗಂಟು ಹಾಕೋರು ಯಾರು? ಪೈಲ್ವಾನರಿಗೆ ಜುಟ್ಟು ಕಟ್ಟೋರು. ನಲವತ್ತು ವರ್ಷದ ಅಭ್ಯಾಸ, ಬಿಡಲ್ಲ.”

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಮುದುಕನ ಕಡೆ ತಿರುಗಿದ. “ತೊಕೊಮಿನೆ ಅಣ್ಣ. ನೀವೇ.”

ಮುದುಕ ತಟ್ಟೆ ಕೆಳಗಿಟ್ಟು, ಅಂಗಿಯೊಳಗಿಂದ ಒಂದು ಬಟ್ಟೆಯ ಪೊಟ್ಟಣ ತೆಗೆದ.

“ಒಣಗಿ ಹುಲ್ಲಾಗಿತ್ತಮ್ಮ. ನಾಳೆ ಅವರ ತಿಥಿ. ಎಣ್ಣೆ ಹಚ್ಚಿ ಸಂಜೆಗೆ ತಂದಿಡೋಣ ಅಂತ…”

“ನನ್ನ ಕೇಳಬಾರದಿತ್ತಾ?”

“ಕೇಳಿದ್ದೆ. ಮೂರು ವರ್ಷ ಕೇಳಿದ್ದೆ. ಯಾರೂ ಮುಟ್ಟಬಾರದು ಅಂದ್ರಿ.”

ಶಿಗೆನೊ ಪೊಟ್ಟಣ ಕಿತ್ತುಕೊಂಡಳು. “ಇನ್ನು ಈ ಕಡೆ ಬರಬೇಡಿ.”

ಆ ಅಂಗಳ ಗುಡಿಸುವುದು ಬಿಟ್ಟರೆ ತೊಕೊಮಿನೆಗೆ ಬೇರೆ ದಿನಚರಿಯೇ ಇರಲಿಲ್ಲ. ತಲೆ ತಗ್ಗಿಸಿ ಹೊರಟ.

“ಭಲೇ ಪತ್ತೇದಾರ!” ಕಿತಾನಿ ಇಸೋಬೆಯ ಬೆನ್ನು ತಟ್ಟಿದ. ಯಾರೋ ಚಪ್ಪಾಳೆ ಹೊಡೆದರು.

ಪ್ರವಾಸಿಗರನ್ನು ಅಂಗಳಕ್ಕೆ ಕಳಿಸಿ ಮುದುಕನನ್ನು ಒಂಟಿಯಾಗಿ ಕೇಳಬಹುದಿತ್ತು. ಎರಡು ನಿಮಿಷ ಸಾಕಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಇಸೋಬೆ ಗರಡಿ ಬಿಟ್ಟು ಓಡಿಹೋದಾಗ ಗೇಟಿನ ಬಳಿ ನೋಡಿದವನು ಇದೇ ತೊಕೊಮಿನೆ. ಯಜಮಾನರು ಎಷ್ಟು ಗದರಿಸಿದರೂ ಅವನು ಬಾಯಿಬಿಟ್ಟಿರಲಿಲ್ಲ.

ಆಮೇಲೆ ಅವರಿಬ್ಬರೂ ರ್ಯೋಗೊಕುವಿನ ಬೀದಿಗಳಲ್ಲಿ ಎಷ್ಟೋ ಸಲ ಎದುರಾದರು. “ತಪ್ಪಾಯ್ತು ಅಣ್ಣ” ಎಂದು ಇಸೋಬೆ ಒಮ್ಮೆಯೂ ಹೇಳಲಿಲ್ಲ.