ಮೊದಲು ಫೋನ್ ಮಾಡಿದವನು

"ಡಾಕ್ಟರಬಾಯಿ, ನಿಮ್ಮ ಕಂಪ್ಯೂಟರ್ ನನ್ನ ಕಳ್ಳನ್ನ ಮಾಡೇತಿ!" ಎಮ್ಮೆ ವ್ಯಾಪಾರಿ ಹುಸೇನಮಿಯಾ ಶಿರಗುಪ್ಪಿಯ ಪಶು ದವಾಖಾನೆಯ ಬಾಗಿಲಲ್ಲಿ ನಿಂತು ಅಲವತ್ತುಕೊಂಡ. "ಬ್ಯಾನಿ ನಾನ ತಂದೀನಂತ ಊರೆಲ್ಲ ಬೈಯಾಕತ್ತೇತಿ. ಇನ್ನ ನನ್ನ ಕೂಡ ಯಾರು ವ್ಯಾಪಾರ ಮಾಡ್ತಾರ್ರಿ?"

ಡಾಕ್ಟರ್ ಮೆಹೆಕಳಿಗೆ ತಲೆ ಎತ್ತಲಾಗಲಿಲ್ಲ. ಕಾಲುಬಾಯಿ ಬೇನೆ ಎಲ್ಲಿಂದ ಎಲ್ಲಿಗೆ ಹಬ್ಬೀತೆಂದು ಹೇಳುವ ಕಂಪ್ಯೂಟರ್ ಮಾದರಿ ಅವಳದೇ. ಅದು ಹುಸೇನಮಿಯಾನ ಕೊಟ್ಟಿಗೆಯ ಸುತ್ತ ಕೆಂಪು ವೃತ್ತ ಎಳೆದಿತ್ತು. ಸಂಜೆ ಅವಳು ಸಹಿ ಹಾಕಿದರೆ ಇದ್ದಬದ್ದ ಲಸಿಕೆಯೆಲ್ಲ ಅವನ ಓಣಿಗೆ, ಅವನ ವ್ಯಾಪಾರಕ್ಕೆ ಬೀಗ.

ಮೂಲೆಯಲ್ಲಿ ಚಹಾ ಹೀರುತ್ತಿದ್ದ ಅಮೋಘಸಿದ್ದ ಎದ್ದ. ನಿವೃತ್ತ ಕಾಂಪೌಂಡರ್, ಒಗಟು ಎದುರಾದಾಗಲೆಲ್ಲ ದವಾಖಾನೆಯವರು ದುಂಬಾಲು ಬೀಳುತ್ತಿದ್ದುದು ಈ ಮುದುಕನಿಗೇ. "ನಡೀರಿ ಮೇಡಮ್ಮಾರ, ದನಾನ ಕೇಳೂಣು."

ಹುಸೇನಮಿಯಾನ ಎಮ್ಮೆಯ ನಾಲಿಗೆಯ ಮೇಲೆ ಗುಳ್ಳೆಗಳು ಆಗಷ್ಟೇ ಒಡೆದಿದ್ದವು, ಹುಣ್ಣು ಹಸಿಯಾಗಿತ್ತು. ಮೇವು ಎಲ್ಲಿಂದ ತಂದೆ ಎಂದು ಅಮೋಘಸಿದ್ದ ಕೇಳಿದರೆ, "ಧರೆಪ್ಪಣ್ಣನ ಹೊಲದ ಕಬ್ಬಿನ ಸೋಗಿರಿ" ಎಂದ.

ಬೇನೆ ಹೊತ್ತೊಯ್ಯಬಾರದೆಂದು ಸೋಡಾ ಪುಡಿ ಕಲಸಿದ ನೀರಿನಲ್ಲಿ ಕಾಲು ತೊಳೆದು ಮೆಹೆಕ, ಅಮೋಘಸಿದ್ದ ಇಬ್ಬರೂ ಧರೆಪ್ಪನ ಮನೆಗೆ ಹೋದರು. ಹುಸೇನಮಿಯಾನನ್ನು ಎಲ್ಲರಿಗಿಂತ ಗಟ್ಟಿಯಾಗಿ ಬೈಯುತ್ತಿದ್ದವನು ಅವನೇ. "ನಮ್ಮ ದನಾ ಗಟ್ಟಿ ಅದಾವು, ಒಳಗ ಬರಬ್ಯಾಡ್ರಿ," ಎಂದು ಗೇಟಿಗೆ ಅಡ್ಡ ನಿಂತ. ಅವನ ಹಿಂದೆ ಹೆಂಡತಿ ಕಸ್ತೂರೆವ್ವ ಆಕಳಿಗೆ ಜೋಳದ ಅಂಬಲಿ ಕುಡಿಸುತ್ತಿದ್ದಳು. ಮೇವಿನ ಗೋದಲಿಯ ತುಂಬ ಹಸಿ ಸೋಗೆ ಹಾಗೇ ಬಿದ್ದಿತ್ತು. ಅಂಗಳದಲ್ಲಿ ಎತ್ತು ಕಟ್ಟುವ ಹತ್ತು ಹೊಸ ಗೂಟ. ಧರೆಪ್ಪನ ಬಳಿ ಇದ್ದದ್ದು ಟ್ರ್ಯಾಕ್ಟರ್, ಎತ್ತಲ್ಲ.

ಮಧ್ಯಾಹ್ನ ಅಮೋಘಸಿದ್ದ ಓಣಿಯವರನ್ನು ಅದೇ ಗೇಟಿನ ಹೊರಗೆ ಕೂಡಿಸಿದ.

"ಹಸರ ಮೇವ ಬಿಟ್ಟು ಆಕಳ ಅಂಬಲಿ ಯಾವಾಗ ಕುಡೀತೈತಿ? ಬಾಯಿ ನೊಂದಾಗ. ಮೇಡಮ್ಮಾರ, ನಾಲಗಿ ನೋಡ್ರಿ."

ಈಗ ಧರೆಪ್ಪ ಅಡ್ಡ ಬರಲಿಲ್ಲ. ಮೆಹೆಕ ಒಳಗೆ ಹೋಗಿ ಆಕಳ ನಾಲಿಗೆ ಎಳೆದಳು. ಹುಣ್ಣು ಮಾಯುತ್ತ ಬಿಳಿ ಕಲೆಯಾಗುತ್ತಿತ್ತು. "ಹತ್ತು ದಿನದ್ದು," ಎಂದಳು.

"ಹುಸೇನಮಿಯಾಂದು ಎರಡ ದಿನದ್ದು," ಎಂದ ಅಮೋಘಸಿದ್ದ. "ಅಂದಮ್ಯಾಲ ಮೊದಲ ಇಲ್ಲೇ ಬಂದೈತಿ. ಕಬ್ಬ ಕಡಿಯಾವ್ರು ಯಾರ ಹೊಲಾ ಕಡೀತಾರೋ ಅವರ ಅಂಗಳದಾಗ ಎತ್ತ ಕಟ್ತಾರ. ಬ್ಯಾನಿ ಆ ಎತ್ತಿನಿಂದ ಈ ಆಕಳಿಗೆ, ಇಲ್ಲಿಂದ ಸೋಗಿ ಕೂಡ ಹುಸೇನಮಿಯಾನ ಮನೀಗಿ. ಎತ್ತಿನ ಗಾಡಿ ನಿನ್ನೆ ಕಾಗವಾಡದ ಕಡೆ ಹೋಗ್ಯಾವು."

ಧರೆಪ್ಪ ಕಡೆಗೆ ಒಪ್ಪಿಕೊಂಡ. "ಡೇರಿಯವ್ರು ಹಾಲ ಬ್ಯಾಡ ಅಂತಾರಂತ ಹೆದರಿ ಮುಚ್ಚಿಟ್ಟೆ."

ಆದರೆ ಮೆಹೆಕಳಿಗೆ ಸಿಟ್ಟು ಬಂದದ್ದು ತನ್ನ ಮೇಲೆ. ಬೇನೆ ಬಂದಿದೆ ಎಂದು ಮೊದಲು ಫೋನ್ ಮಾಡಿದವನ ಮನೆಯನ್ನೇ ಬೇನೆ ಹುಟ್ಟಿದ ಮನೆ ಎಂದು ಕಂಪ್ಯೂಟರಿಗೆ ಕೊಟ್ಟವಳು ತಾನೇ. ಮನೆಮನೆಯ ದನಗಣತಿ ನಂಬಿ, ಯಾವ ಮನೆಗೂ ಸೇರದ ಆ ಗಾಡಿ ಎತ್ತುಗಳನ್ನು ಬಿಟ್ಟವಳೂ ತಾನೇ.

"ಫೋನ್ ಮಾಡದ ಸುಮ್ಮ ಕುಂತಿದ್ರ ನಾ ಕಳ್ಳ ಆಗ್ತಿದ್ದಿಲ್ಲ, ಹೌದಲ್ರಿ?" ಹುಸೇನಮಿಯಾ ಮೆಲ್ಲಗೆ ಕೇಳಿದ.

"ಹೌದು ಚಾಚಾ. ತಪ್ಪು ನಂದು," ಎಂದಳು ಮೆಹೆಕ, ಎಲ್ಲರಿಗೂ ಕೇಳುವಂತೆ. "ಲಸಿಕಿ ಈಗ ಕಾಗವಾಡದ ದಾರಿಗೆ ಹೋಗ್ತೈತಿ. ನೀವು ಹೇಳಿದ್ದಕ್ಕ ಇಷ್ಟಾದ್ರೂ ದನಾ ಉಳದಾವು."

ಗುಂಪಿನ ಹಿಂದೆ ನಿಂತಿದ್ದ ಅದೇ ಓಣಿಯ ಸುಂದ್ರವ್ವ ಸೆರಗಿನ ಚುಂಗು ಹಿಂಡುತ್ತ ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

ಹುಸೇನಮಿಯಾ ಅವಳ ಕಡೆ ತಿರುಗಿದ. "ಹೇಳವ್ವಾ," ಎಂದ. "ಯಾವ ದನಕ್ಕ ಬಂದೈತಿ?"