ಬಾಯಿ ಬಿಡು, ಅಪ್ಪ

"ಅಪ್ಪ, ಕೈ ತೋರ್ಸು," ಎಂದಳು ಚೂಟಿ, ಸ್ಕೂಲಿನಿಂದ ಸೀದಾ ಅಂಗಡಿಗೆ ನುಗ್ಗಿ.

ಹೊಲಿಗೆ ಮಷೀನಿನ ಹಿಂದೆ ಕೂತಿದ್ದ ಅಪ್ಪ ಕೈ ಚಾಚಿದ. ಚೂಟಿ ಮೂಸಿ ನೋಡಿದಳು. ಘಮಘಮ ಸೋಪಿನ ವಾಸನೆ. ಕೆಲಸದ ಮಧ್ಯೆ ಎದ್ದು ಸೋಪು ಹಾಕಿ ಕೈ ತೊಳೆಯುವ ಟೈಲರ್ ಎಲ್ಲಾದರೂ ಉಂಟೇ? ಅವಳ ಅನುಮಾನ ಇನ್ನೂ ಹೆಚ್ಚಾಯಿತು.

ಅಪ್ಪನ ಬೆರಳ ಗಂಟುಗಳು ಊದಿಕೊಂಡು ತಿಂಗಳುಗಳಾಗಿದ್ದವು. "ಮೈಯೊಳಗೆ ಉರಿಯೂತ ಇದೆ, ಶುಗರ್ ಕೂಡ ಏರ್ತಿದೆ. ಸಿಹಿ ಬಿಡದಿದ್ರೆ ಮುಂದೆ ಸೂಜಿ ಹಿಡಿಯೋದೇ ಕಷ್ಟ," ಎಂದಿದ್ದರು ಡಾಕ್ಟರಮ್ಮ. ಇನ್ನು ಬಾಯಿ ಕಟ್ಟುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಕಾವಲಿಗೆ ಅಮ್ಮ ಚೂಟಿಯನ್ನು ನೇಮಿಸಿದ್ದಳು.

"ಡ್ರಾಯರಲ್ಲಿ ಏನಿದೆ?"

"ನೂಲು, ಗುಂಡಿ. ಬಿಸ್ಕತ್ತಂತೂ ಇಲ್ಲ."

"ನಾನು ಬಿಸ್ಕತ್ತು ಅಂದ್ನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಸುಮ್ನೆ ಬಾಯಿ ಬಿಡು, ಅಪ್ಪ."

ತಮಾಷೆ ಮಾಡಿ ತಪ್ಪಿಸಿಕೊಳ್ಳಲು ಹೋದ ಅಪ್ಪ, ಹಲ್ಲಿನ ಡಾಕ್ಟರ ಮುಂದೆ ಕೂತವನಂತೆ "ಆ" ಎಂದು ನಿಜವಾಗಿಯೇ ಬಾಯಿ ತೆರೆದ. ದವಡೆ ಹಲ್ಲಿನ ಸಂದಿಯಲ್ಲಿ ಚಾಕಲೇಟ್ ಕ್ರೀಮ್ ಅಂಟಿತ್ತು.

"ಸುಳ್ಳ. ನಿಂಗೆ ನಮಗಿಂತ ಬಿಸ್ಕತ್ತೇ ಹೆಚ್ಚು." ಚೂಟಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಅಪ್ಪ ಡ್ರಾಯರ್ ಎಳೆದ. ನೂಲಿನ ಉಂಡೆಗಳ ಹಿಂದೆ ಬರೀ ಖಾಲಿ ಕವರುಗಳು.

"ಒಂದೇ ಒಂದು ತಿನ್ನೋಣ ಅಂತ ಒಡೀತೀನಿ. ಪ್ಯಾಕೆಟ್ ಮುಗಿದ ಮೇಲೇ ಕೈ ನಿಲ್ಲೋದು. ಆಮೇಲೆ ನಾಚಿಕೆ ಆಗುತ್ತೆ. ನಾಚಿಕೆ ಆದ್ರೆ ಮತ್ತೆ ತಿನ್ಬೇಕು ಅನ್ಸುತ್ತೆ." ಅವನ ದನಿ ಸಣ್ಣಗಾಗಿತ್ತು. "ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ ಮಗಳೇ."

ಕಳ್ಳನನ್ನು ಹಿಡಿದಾಗ ಖುಷಿಯಾಗಬೇಕಿತ್ತು. ಚೂಟಿಗೆ ಆಗಲಿಲ್ಲ. ಅಪ್ಪ ಹೆದರಿದ್ದ. ಅಷ್ಟು ದೊಡ್ಡ ಅಪ್ಪ ಒಂದು ಬಿಸ್ಕತ್ತಿಗೆ ಹೆದರಿದ್ದ.

"ಇನ್ನೊಂದು ಪ್ಯಾಕೆಟ್ ಇದೆ," ಎಂದು ಅಪ್ಪ ತಾನಾಗಿಯೇ ಹೇಳಿದ. "ಇಸ್ತ್ರಿ ಮೇಜಿನ ಕೆಳಗೆ. ಅದು ನಿಂಗೆ ಗೊತ್ತಿರಲಿಲ್ಲ."

ಚೂಟಿ ಅದನ್ನು ತರಲು ಓಡಲಿಲ್ಲ.

"ಈಗ್ಲೂ ತಿನ್ಬೇಕು ಅನ್ನಿಸ್ತಿದೆಯಾ?"

"ಹೂಂ. ತುಂಬಾ."

"ಆ ಆಸೆ ಎಷ್ಟು ಹೊತ್ತು ಇರುತ್ತೆ?"

ಅಪ್ಪ ಯೋಚಿಸಿದ. "ಗೊತ್ತಿಲ್ಲ ಮರಿ. ಒಂದು ಸಲವೂ ಕಾದು ನೋಡಿಲ್ಲ."

ಚೂಟಿ ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು ಬಂದು ಅಪ್ಪನ ಪಕ್ಕದಲ್ಲಿ ಕೂತಳು.

"ಹಾಗಾದ್ರೆ ಇಬ್ರೂ ಕಾಯೋಣ," ಎಂದಳು.